ದೋಣಿಯ ಟಾಯ್ಲೆಟ್ಟೂ ನಮ್ಮನೆ ನಲ್ಲಿಯೂ

ಗೆಳೆಯರೇ, ಇವತ್ತು ಬೇತಮಂಗಲದ ಕೆರೆ ಮಧ್ಯೆ ದೋಣಿಯಲ್ಲಿ ಕೂತು ಹೊಟ್ಟೆ ತುಂಬಾ ನೀರು ಕುಡಿದೆ. ನಗಬೇಡಿ. ಹೂಳು ಅಳೆಯುವ ಕೆಲಸಕ್ಕೆ ಬೆಳಗ್ಗೆ ದೋಣಿ ಹತ್ತಿದರೆ ಇಳಿಯುವುದು ಸಂಜೆಗೇ. ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಮೂರು ದಿನದಿಂದ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಅದನ್ನು ಗಮನಿಸಿದವರು ದೋಣಿ ನಡೆಸುವ ಮುನಿಯಪ್ಪಣ್ಣ ಒಬ್ಬರೇ. ಇವತ್ತು ಎಲ್ಲಿಂದಲೋ ಒಂದು ಪೋರ್ಟಬಲ್ ಟಾಯ್ಲೆಟ್ ತಂದಿಟ್ಟು, ಸುತ್ತ ಹೆಂಡತಿಯ ಹಳೇ ಸೀರೆ ಕಟ್ಟಿದ್ದರು. ನಾನು ಸೀರೆಯ ಮರೆಗೆ ಹೋದಾಗ ಸುಮ್ಮಸುಮ್ಮನೆ ಮೋಟಾರು ಜೋರು ಮಾಡಿ ಸದ್ದೆಬ್ಬಿಸಿದರು.

ಸಂಜೆ ದಡದಲ್ಲಿ ಆ ಟಾಯ್ಲೆಟ್ಟಿನ ಡಬ್ಬವನ್ನು ಕೆರೆಯಲ್ಲೇ ತೊಳೆಯಲು ಬಗ್ಗಿದೆ.

"ಏಯ್ ತಾಯಿ! ನಿಮ್ಮೂರು ಯಾವ್ದು?" ಎಂದು ಮುನಿಯಪ್ಪಣ್ಣ ಕೂಗಿದರು.

"ಊರಿಗಾಂ ಅಣ್ಣ."

"ನಿಮ್ಮನೆ ನಲ್ಲೀಗೆ ನೀರು ಎಲ್ಲಿಂದ ಬತ್ತದೆ?"

"ಇಲ್ಲಿಂದಲೇ" ಅನ್ನುವಷ್ಟರಲ್ಲಿ ನನ್ನ ಮುಖ ಕೆಂಪಾಗಿತ್ತು.

"ಮತ್ತೆ? ಇಡ್ಕ ಆ ಕಡೆ. ಕಟ್ಟೆ ಮ್ಯಾಲೆ ಕಕ್ಕಸೈತೆ, ಅಲ್ಲಿ ಸುರಿಯಾನ."

ಇಬ್ಬರೂ ಒಂದೊಂದು ಕಡೆ ಹಿಡಿದು ಹೊತ್ತುಕೊಂಡು ಹೋದೆವು.

ಈಗ ಮನೆಯ ನಲ್ಲಿಯಲ್ಲಿ ನೀರು ಬಂದಿದೆ. "ಇವತ್ತೂ ಒಣಗಿಕೊಂಡೇ ಬಂದ್ಯಾ?" ಎಂದು ಅಮ್ಮ ಲೋಟ ನೀಡಿದಳು.

"ಇಲ್ಲಮ್ಮ, ಚೆನ್ನಾಗಿ ಕುಡಿದೆ. ನೀನೂ ಧೈರ್ಯವಾಗಿ ಕುಡಿ. ಕೆರೆ ಹತ್ರ ಮುನಿಯಪ್ಪಣ್ಣ ಇದ್ದಾರೆ."