ಗೂಡಿನಲ್ಲಿಟ್ಟ ಗುಳಿಗೆ

ಬೆಟಗೇರಿಯ ನೇಕಾರ ಲಕ್ಷ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತರೆ ಗೇಣುದ್ದ ಬಟ್ಟೆ ನೇಯುವಷ್ಟರಲ್ಲಿ ಎದ್ದು ಹಿತ್ತಲಿಗೆ ಓಡಬೇಕಾಗುತ್ತಿತ್ತು. ಹೊಟ್ಟೆ ಕತ್ತರಿಸಿದಂಥ ನೋವು, ಹೋದಾಗಲೆಲ್ಲ ರಕ್ತ. ಓಣಿಯವರಿಗೆ ರಕ್ತದ ಸಂಗತಿ ಗೊತ್ತಿರಲಿಲ್ಲ, ಓಡಾಟ ಮಾತ್ರ ಕಾಣುತ್ತಿತ್ತು.

“ಮಗ್ಗದಾಗಿನ ಲಾಳಿಗಿಂತ ನೀನ ಹೆಚ್ಚು ಓಡಾಡ್ತಿ ನೋಡಲೇ” ಎಂದು ಎದುರುಮನೆಯ ಮೂಕಪ್ಪ ನಗುತ್ತಿದ್ದ. ಲಕ್ಷ್ಮಪ್ಪನೂ ನಕ್ಕುಬಿಡುತ್ತಿದ್ದ. ಮಜ್ಜಿಗೆ, ದಾಳಿಂಬೆ ಸಿಪ್ಪೆ, ಹರಕೆ ಯಾವುದೂ ನಾಟಲಿಲ್ಲ.

ಗದಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಯ ಮಾರ್ತಾಂಡರಾವ್ ಡಾಕ್ಟರು ಕರುಳಿನ ಒಳಗೆಲ್ಲ ಹುಣ್ಣಾಗಿದೆಯೆಂದು ಹೇಳಿ, ಮುಂಬಯಿಯಿಂದ ಹೊಸದಾಗಿ ಬರುತ್ತಿದ್ದ ಸಣ್ಣ ಬಿಳಿ ಗುಳಿಗೆ ಕೊಟ್ಟರು. ತಾವು ಹೇಳದೆ ಅದನ್ನು ಬಿಡಕೂಡದು, ಅದನ್ನು ನುಂಗುವಾಗ ಮೈಯ ಕಾವಲು ಸಡಿಲಾಗುತ್ತದೆ, ಜ್ವರ ಬಂದವರ ಹತ್ತಿರ ಸುಳಿಯಬಾರದು ಎಂದರು. ರಕ್ತ ನಿಂತಿತು. ಎದ್ದು ಹೋಗದೆ ಒಂದೇ ಸಲ ಕೂತು ಸೆರಗು ನೇಯ್ದು ಮುಗಿಸಿದ ದಿನ ಹೆಂಡತಿ ಕರೆವ್ವ ಹೋಳಿಗೆ ಮಾಡಿದಳು.

ಬೇಸಿಗೆಯಲ್ಲಿ ಓಣಿಗೆ ಸೀತಾಳೆ ಸಿಡುಬು ಬಂತು. ಮಕ್ಕಳಿಗೆ ಅಲ್ಲಲ್ಲಿ ಗುಳ್ಳೆ ಎದ್ದು ಒಣಗಿದವು. ಲಕ್ಷ್ಮಪ್ಪನಿಗೆ ಮಾತ್ರ ಬಾಯಿ, ಗಂಟಲು, ಕಣ್ಣಿನ ರೆಪ್ಪೆಯ ಒಳಗೂ ಎದ್ದವು. ಕೆಮ್ಮಿದರೆ ಉಸಿರು ಹಿಡಿಯುತ್ತಿತ್ತು. ತಾಯಿ ಹುಚ್ಚವ್ವ ಮನೆಗೆ ಸಿಡುಬಿನ ಅವ್ವ ಬಂದಳೆಂದು ಬಾಗಿಲಿಗೆ ಬೇವು ಕಟ್ಟಿದಳು. ಒಗ್ಗರಣೆ ನಿಂತಿತು, ಮಗ್ಗ ನಿಂತಿತು. ದೇವಿ ಮೈಮೇಲಿರುವಾಗ ಔಷಧ ಕೊಟ್ಟರೆ ಸಿಟ್ಟಾಗುತ್ತಾಳೆಂದು ಗುಳಿಗೆಯ ಶೀಶೆಯನ್ನು ಗೋಡೆಯ ಗೂಡಿನಲ್ಲಿ, ಅವ್ವನ ಹೆಸರಿನ ತಂಬಿಗೆಯ ಮುಂದೆ ಒಪ್ಪಿಸಿ ಇಟ್ಟಳು. ಗುಳಿಗೆ ತಪ್ಪಿದ ಮೇಲೆ ಲಕ್ಷ್ಮಪ್ಪನಿಗೆ ತಲೆ ಎತ್ತುವ ಶಕ್ತಿಯೂ ಉಳಿಯಲಿಲ್ಲ.

ನೀರಿಗೆಂದು ಕೊಡ ಹಿಡಿದು ಹೊರಟ ಕರೆವ್ವ ಹಾಗೆಯೇ ಗದಗಿಗೆ ನಡೆದು ಡಾಕ್ಟರನ್ನು ಕರೆತಂದಳು. ಹುಚ್ಚವ್ವ ಹೊಸ್ತಿಲಿಗೆ ಅಡ್ಡ ಕೂತಳು.

“ಸಿಡುಬಿಗೆ ಔಷಧ ನನ್ನ ಹತ್ರನೂ ಇಲ್ಲವ್ವ” ಎಂದರು ಡಾಕ್ಟರು, ಕಟ್ಟೆಯ ಮೇಲೆಯೇ ನಿಂತು. “ಈ ಗುಳಿಗಿ ಕರುಳಿಂದು. ಮೈ ಈಗ ಅದರ ಮ್ಯಾಲ ನಿಂತದ, ಒಮ್ಮೆಲೆ ಬಿಟ್ರ ಜೀವ ಉಳಿಯೂದಿಲ್ಲ.”

“ಅವ್ವಗ ಒಪ್ಪಿಸಿಬಿಟ್ಟೇನ್ರಿ. ಕೊಟ್ಟದ್ದು ಹೊಳ್ಳಿ ಇಸ್ಕೋಬಾರದು.”

ಕರೆವ್ವ ಅತ್ತೆಯ ಎದುರು ಎಂದೂ ದನಿಯೆತ್ತಿದವಳಲ್ಲ. ಈಗಲೂ ಎತ್ತಲಿಲ್ಲ. “ಅತ್ತಿ, ಬಾಳಿಹಣ್ಣು ಒಪ್ಪಿಸಿದ್ರ ಮತ್ತ ನಾವ ತಿಂತೀವಲ್ರಿ. ಅವ್ವನ ಮುಂದ ಇಟ್ಟದ್ದು ಪ್ರಸಾದ ಅಲ್ಲೇನ್ರಿ?”

ಹುಚ್ಚವ್ವ ಕೂತಲ್ಲಿಂದಲೇ ಗೂಡಿಗೆ ಕೈಮುಗಿದಳು. ಆಮೇಲೆ ಎದ್ದು, ಡಾಕ್ಟರ ಕಾಲಿಗೆ ಬೇವಿನ ನೀರು ಹಾಕಿ ಒಳಗೆ ಬಿಟ್ಟಳು. ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು ತಾನೇ ಮಗನ ಬಾಯಿಗೆ ಹಾಕಿದಳು. ಡಾಕ್ಟರು ಶಕ್ತಿ ಬರಲೆಂದು ಸೂಜಿ ಮಾಡಲು ತೆಗೆದ ಔಷಧವನ್ನೂ ಇಸಿದುಕೊಂಡು, ಗೂಡಿಗೆ ಮುಟ್ಟಿಸಿ ಮರಳಿ ಕೊಟ್ಟಳು.

ಲಕ್ಷ್ಮಪ್ಪ ಉಳಿದ. ಮುಖದ ತುಂಬ ಕಲೆ, ಒಂದು ಕಣ್ಣು ಮಂಜು. ಕರುಳಿನ ಬೇನೆ ಪೂರಾ ಹೋಗಲಿಲ್ಲ. ಗುಳಿಗೆ ಕಡಿಮೆಯಾಗುತ್ತ, ಮತ್ತೆ ಹೆಚ್ಚಾಗುತ್ತ ನಡೆಯಿತು. ದಿನಾ ಮುಂಜಾನೆ ಅವನು ನೀರಿನ ಲೋಟ ಹಿಡಿದು ಗೂಡಿನ ಬದಿಗೆ ನಿಲ್ಲುತ್ತಿದ್ದ. ತಾಯಿ ಪೂಜೆ ಮುಗಿಸಿ ಅಂಗೈಗೆ ಹಾಕಿದ ಗುಳಿಗೆಯನ್ನು ನುಂಗಿ, ಕುಣಿಗೆ ಇಳಿಯುತ್ತಿದ್ದ.