ಹಸಿ ಮರಕ್ಕೆ ಪ್ರವೇಶವಿಲ್ಲ

ಕಸ ಅಂದರೆ ಏನು, ಕಸವಲ್ಲದ್ದು ಅಂದರೆ ಏನು ಎಂದು ಜನರಿಗೆ ಹೇಳಿ ಹೇಳಿ ಗೇಟಮ್ಮನ ಗಂಟಲು ಒಣಗಿತ್ತು. ವಿದ್ಯುತ್ ಸ್ಥಾವರದ ಗೇಟಿನಲ್ಲಿ ನಿಂತು ಲಾರಿಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ. ಹೆಸರು ಬಿದ್ದದ್ದೂ ಹಾಗೆಯೇ. ಹೊಟ್ಟು, ಮರದ ಪುಡಿ, ಕುಯ್ಲಾದ ಮೇಲೆ ಹೊಲದಲ್ಲಿ ಉಳಿದ ಕಡ್ಡಿ, ತೋಟದವರು ಸವರಿ ಬಿಸಾಕಿದ ರೆಂಬೆ, ಇಂಥವನ್ನು ಉರಿಸಿ ಕರೆಂಟು ಮಾಡುವ ಜಾಗ ಅದು. ಬದುಕಿರುವ ಮರ ಕಡಿದು ತಂದರೆ ಗೇಟಿನಿಂದಲೇ ವಾಪಸ್. ಇಷ್ಟು ಸರಳ ಮಾತು ಯಾರ ತಲೆಗೂ ಹೋಗುವುದಿಲ್ಲ. ಒಬ್ಬ ತೂಕಕ್ಕೆಂದು ಹೊಟ್ಟಿನ ಮೂಟೆಯಲ್ಲಿ ಕಲ್ಲು ತುಂಬಿ ತರುತ್ತಾನೆ. ಕೇಳಿದರೆ, "ಅದೂ ಉರಿಯುತ್ತೆ ಬಿಡಿ ಮೇಡಂ" ಅನ್ನುತ್ತಾನೆ. ಕಲ್ಲು ಉರಿಯುತ್ತದಂತೆ!

ಇವರನ್ನೆಲ್ಲ ಹೇಗೋ ಸಹಿಸಬಹುದು. ಲಾರಿ ಓಡಿಸುವ ಸ್ವಂತ ಅಕ್ಕನ ಗಂಡನನ್ನು ಏನು ಮಾಡುವುದು? ಹೋದ ತಿಂಗಳು ಭಾವ ಕೆಳಗೆ ಹಸಿ ದಿಮ್ಮಿ ಪೇರಿಸಿ, ಮೇಲೆ ಹೊಟ್ಟು ಹರಡಿಕೊಂಡು ಬಂದು ಅವಳ ಕಣ್ಣಿಗೇ ಮಣ್ಣೆರಚಲು ನೋಡಿದ್ದ. ಅವಳು ಕಬ್ಬಿಣದ ಸರಳು ಚುಚ್ಚಿ ನೋಡಿ ಲಾರಿ ತಿರುಗಿಸಿ ಕಳಿಸಿದ್ದಳು. ಅಂದಿನಿಂದ ಅಕ್ಕ ಮೂತಿ ಊದಿಸಿಕೊಂಡು ತವರಿಗೆ ಕಾಲಿಟ್ಟಿಲ್ಲ. ನಡುವೆ ಒದ್ದಾಡುವವಳು ಅಮ್ಮ. ತಗಡಿನ ಮನೆ ಮಧ್ಯಾಹ್ನಕ್ಕೆ ಬಾಣಲೆಯ ಹಾಗೆ ಕಾಯುತ್ತದೆ, ಹಿತ್ತಲ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಅಮ್ಮನದು ದಿನವೂ ಒಂದೇ ರಾಗ: "ಯಾರ್ದೋ ಮರಕ್ಕೋಸ್ಕರ ಅಕ್ಕನ್ನ ದೂರ ಮಾಡ್ಕೋಬೇಡ್ವೇ."

ಯಾರ ಮರ ಅಂತಲ್ಲಮ್ಮ, ಹಸಿ ಮರ ಅಂತ, ಎಂದು ಎಷ್ಟು ಬಡಕೊಂಡರೂ ಅಮ್ಮ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಇವತ್ತು ಮಧ್ಯಾಹ್ನ ಭಾವನ ಲಾರಿ ಮತ್ತೆ ಬಂತು. ಹೊಟ್ಟಿಲ್ಲ, ಮುಚ್ಚುಮರೆಯಿಲ್ಲ, ಇನ್ನೂ ಅಂಟು ಒಸರುತ್ತಿರುವ ದಿಮ್ಮಿಗಳು.

"ಏನಮ್ಮಾ ಗೇಟಮ್ಮ, ಈ ಸಲ ನೀನು ಮಾತಾಡೋ ಹಾಗಿಲ್ಲ. ಮರದೋರೇ ಖುಷಿಯಾಗಿ ಕೊಟ್ಟಿದ್ದು," ಎಂದು ಭಾವ ಹಲ್ಲು ಕಿರಿದ.

"ಭಾವ, ನಿಮಗೆ ಇನ್ನು ಯಾವ ಭಾಷೇಲಿ ಹೇಳ್ಬೇಕು? ಯಾರು ಕೊಟ್ರೂ ಹಸಿ ಮರ ಹಸಿ ಮರಾನೇ!"

ರೇಗುತ್ತಲೇ ಅವಳು ಲಾರಿ ಹತ್ತಿದಳು. ಒಂದು ದಿಮ್ಮಿಯ ತೊಗಟೆಯೊಳಗೆ ತುಕ್ಕು ಹಿಡಿದ ತಂತಿ ಹೂತುಹೋಗಿತ್ತು. ಹೊರಗೆ ಉಳಿದ ಗೇಣುದ್ದದ ತುಂಡಿಗೆ ನೀಲಿ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಬೆಳಗ್ಗೆ ಅವಳೇ ಹಿತ್ತಲ ತಂತಿಯ ಮೇಲೆ ಟವೆಲ್ ಒಣಹಾಕಿ ಸಿಕ್ಕಿಸಿ ಬಂದ ಕ್ಲಿಪ್ಪು.

ಅಷ್ಟರಲ್ಲಿ ಫೋನು ಬಂತು. ಅಮ್ಮ.

"ಬಂದ್ರಾ ಭಾವ? ನಮ್ದೇ ಮರ ಕಣೇ, ಇನ್ನು ನಿನ್ನ ಯಾರೂ ಏನೂ ಅನ್ನೋ ಹಾಗಿಲ್ಲ. ಒಳಗೆ ಬಿಟ್ಬಿಡು. ಸಾಯಂಕಾಲ ಅಕ್ಕ ಬರ್ತೀನಿ ಅಂದಿದಾಳೆ!" ಅಮ್ಮನ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

ಬೈಯಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಲಾರಿ ತಿರುಗಿದರೆ ಅಕ್ಕ ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆದರೂ ಅವಳು ಭಾವನಿಗೆ, ವಾಪಸ್ ತಗೊಂಡು ಹೋಗಿ ಎಂದು ಕೈಸನ್ನೆ ಮಾಡಿದಳು.

"ಅಮ್ಮಾ," ಎಂದಳು, "ಈಗ ಎಲ್ಲಿ ಕೂತಿದೀಯಾ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಅಲ್ಲೇ, ಕುರ್ಚಿ ಮೇಲೆ," ಎಂದಳು ಅಮ್ಮ. "ಇವತ್ಯಾಕೋ ಬಿಸಿಲು ಸ್ವಲ್ಪ ಜಾಸ್ತಿ."