ಶಾಂತಕ್ಕನ ಹೊಸ ಮಂಡಿ

ಬಟ್ಟೆ ಒಣಗಿಸುವ ಡ್ರೈಯರ್ ಒಳಗೆ ಏನೋ ಟಣಟಣ ಎನ್ನುತ್ತಿತ್ತು. ನಿಲ್ಲಿಸಿ ಕೈಹಾಕಿ ತಡಕಾಡಿದೆ. ನನ್ನ ಜೀನ್ಸಿನ ಜೇಬಿನಲ್ಲಿ ಚೌಕ ತಲೆಯ ಒಂದು ಹಳೆಯ ಮೊಳೆ ಬಿಸಿಬಿಸಿಯಾಗಿ ಕೂತಿತ್ತು. ಅದರ ಜೊತೆ ಸುತ್ತಿದ್ದ ನನ್ನ ಗಂಡನ ಆಫೀಸಿನ ಬಿಳಿ ಶರ್ಟಿನ ತೋಳಿಗೆ ತುಕ್ಕಿನ ಕಲೆ ಹತ್ತಿತ್ತು. ಅವರು ಶರ್ಟನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಶತಮಾನದ ಕಲೆ?" ಎಂದು ಶಾಂತವಾಗಿ ಕೇಳಿದರು. ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಎಂದು ಕೇಳುವುದನ್ನು ಅವರು ಬಿಟ್ಟು ಬಹಳ ಕಾಲವಾಯಿತು. ನೀವು ಕೇಳುವವರಾದರೆ ಹೇಳುತ್ತೇನೆ, ಕೂತುಕೊಳ್ಳಿ.

ಇದಕ್ಕೆಲ್ಲ ಮೂಲ ನಮ್ಮ ಬೀದಿಯ ಶಾಂತಕ್ಕ. ಅಮೆರಿಕದಲ್ಲಿ ನಾವಿರುವ ಏಪೆಕ್ಸ್ ಊರಿನಲ್ಲಿ ಕನ್ನಡದವರಿಗೆ ಬರವಿಲ್ಲ. ಬಹಳ ಮಂದಿ ನನ್ನ ಹಾಗೆ ಬೆಂಗಳೂರು, ಮೈಸೂರು ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆಂದು ಬಂದವರು. ಶಾಂತಕ್ಕ ಮಾತ್ರ ಬಾಗಲಕೋಟೆಯವರು, ನಮಗಿಂತ ಬಹಳ ಹಿಂದೆ ಬಂದ ಡಾಕ್ಟರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು, ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಗಾಜಿನ ಮೇಲಿಟ್ಟು ನೋಡಿ, ರೋಗ ಇದೆಯೋ ಇಲ್ಲವೋ ಎಂದು ಬರೆದುಕೊಡುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ತೀರಿಕೊಂಡ ಗಂಡನ ಸಾಮಾನುಗಳಲ್ಲಿ ನೆಲದೊಳಗಿನ ಲೋಹ ಹುಡುಕುವ ಒಂದು ಮೆಟಲ್ ಡಿಟೆಕ್ಟರ್ ಸಿಕ್ಕಿತಂತೆ. ಯಾರಿಗಾದರೂ ಕೊಟ್ಟುಬಿಡುವ ಮೊದಲು ಒಮ್ಮೆ ನೋಡೋಣವೆಂದು ಹಿತ್ತಲಲ್ಲಿ ಆಡಿಸಿದರಂತೆ. ಅಷ್ಟೇ. ಆಮೇಲೆ ಅದನ್ನು ಕೈಯಿಂದ ಕೆಳಗಿಡಲಿಲ್ಲ.

ನಮ್ಮ ಕಡೆ ನಿಧಿ ಎಂದರೆ ಅದಕ್ಕೆ ಹೆಡೆಬಿಚ್ಚಿದ ಸರ್ಪದ ಕಾವಲಿರಬೇಕು, ಅಮಾವಾಸ್ಯೆ ಬೇಕು, ಕರೀ ಕೋಳಿ ಬೇಕು. ನಾರ್ತ್ ಕ್ಯಾರೊಲಿನಾದ ಕೆಂಪು ಮಣ್ಣಿನಲ್ಲಿ ಅಂಥ ಕಟ್ಟುನಿಟ್ಟೇನೂ ಇಲ್ಲ. ಜಮೀನಿನ ಯಜಮಾನರ ಅಪ್ಪಣೆ ಇದ್ದರೆ ಸಾಕು. ಸಿಗುವುದೂ ಅದಕ್ಕೆ ತಕ್ಕ ಹಾಗೆ: ಹೇಸರಗತ್ತೆಯ ಲಾಳ, ಕೋಟಿನ ಗುಂಡಿ, ಬಾಗಿಲ ಚಿಲಕ, ಮತ್ತೆ ಅಗೆದಲ್ಲೆಲ್ಲ ಸೋಡಾ ಡಬ್ಬಿಯ ಮುಚ್ಚಳ. ಶಾಂತಕ್ಕ ಇವನ್ನೆಲ್ಲ ತೊಳೆದು ಒರೆಸಿ ದೇವರಮನೆಯಲ್ಲಿ ಸಾಲಾಗಿ ಇಟ್ಟಿದ್ದರು. ಗಣಪತಿಗೆ ಹಚ್ಚಿದ ಕುಂಕುಮದಲ್ಲಿ ಒಂದು ಬೊಟ್ಟು ಲಾಳಕ್ಕೂ ಬೀಳುತ್ತಿತ್ತು. ಇದೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನೋಡವಾ, ಇಡೀ ನೌಕರಿ ತುಂಬ ಹುಡುಕೇನಿ, ದೇವರೇ, ಇದರಾಗ ಏನೂ ಸಿಗದಿರಲಿ ಅಂತ. ಈಗ ಸಿಗಲಿ ಅಂತ ಹುಡುಕತೀನಿ. ಎಷ್ಟು ಹಗುರ ಅನಸ್ತದ ಗೊತ್ತದ ಏನು ನಿನಗ?"

ಆಮೇಲೆ ಅವರ ಎಡಗಾಲಿನ ಮಂಡಿ ಕೈಕೊಟ್ಟಿತು. ಒಂದು ಚಳಿಗಾಲದಲ್ಲಿ ಹಳೆಯ ಮಂಡಿ ತೆಗೆದು ಲೋಹದ ಹೊಸ ಮಂಡಿ ಕೂಡಿಸಿದರು. ಆರೈಕೆಗೆಂದು ಮಗಳು ವೀಣಾ ಜಾರ್ಜಿಯಾದ ಕಮ್ಮಿಂಗ್‌ನಿಂದ ಬಂದಳು. ವೀಣಾ ಒಳ್ಳೆಯ ಹುಡುಗಿ, ಆದರೆ ತಾಯಿಯ ವಿಷಯದಲ್ಲಿ ಪೊಲೀಸು. ಮನೆಯ ಜಮಖಾನೆಗಳನ್ನೆಲ್ಲ ಸುತ್ತಿಟ್ಟಳು, ಬಚ್ಚಲಿಗೆ ಹಿಡಿಕೆ ಹಾಕಿಸಿದಳು. ವಾಪಸು ಹೊರಡುವ ದಿನ ಮೆಟಲ್ ಡಿಟೆಕ್ಟರನ್ನು ಅಟ್ಟಕ್ಕೇರಿಸಿ, ಏಣಿ ಮಡಚಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು:

"ಆಂಟಿ, ಅಮ್ಮ ಇನ್ನೊಂದ್ಸಲ ಬಿದ್ರೆ ದಟ್ಸ್ ಇಟ್. ಈ ಮನೆ ಸೆಲ್ ಮಾಡಿ ನಮ್ಮ ಜೊತೆ ಕರ್ಕೊಂಡು ಹೋಗ್ತೀನಿ. ಹೊಸ ಮನೇಲಿ ಕೆಳಗಡೆ ಬೆಡ್‌ರೂಮ್ ಇದೆ, ಎಲ್ಲ ರೆಡಿ. ನೀವು ಸ್ವಲ್ಪ ನೋಡ್ಕೊಳ್ಳಿ, ಪ್ಲೀಸ್."

ನೋಡಿಕೊಳ್ಳುತ್ತೇನೆ ಎಂದೆ. ನೋಡಿಕೊಂಡೆ ಕೂಡ. ದಿನವೂ ಸಂಜೆ ಹೋಗಿ ನೋಡುತ್ತಿದ್ದೆ. ಶಾಂತಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಟಿವಿ ಹಾಕಿರುತ್ತಿತ್ತು, ಅದರ ಕಡೆ ಬೆನ್ನು. ಕಮ್ಮಿಂಗ್‌ನ ಆ ಹೊಸ ಬಡಾವಣೆಯ ವಿಷಯ ಬಂದಾಗ, "ಅಲ್ಲಿ ಕಾರಿಲ್ಲದೆ ಬಾಗಲಾ ದಾಟೂ ಹಂಗಿಲ್ಲ. ಮಣ್ಣ ಸುದ್ದಾ ಅಂಗಡಿಯಿಂದ ತಂದು ಹಾಕ್ಯಾರ. ಅದರಾಗ ಏನ್ ಸಿಗಬೇಕು?" ಎಂದರು. ಇಷ್ಟು ವರ್ಷ ನಾನು ಬಲ್ಲ ಬಾಯಿ ಅದು. ಅದರಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ.

ವಸಂತ ಬಂತು. ನಮ್ಮೂರಿನ ವಸಂತವೆಂದರೆ ಪೈನ್ ಮರಗಳು ಕಾರು, ಕಿಟಕಿ, ಮೂಗು ಎನ್ನದೆ ಎಲ್ಲದಕ್ಕೂ ಪರಾಗದ ಅರಿಸಿನ ಬಳಿಯುವ ಕಾಲ. ಒಂದು ಮುಂಜಾನೆ ಶಾಂತಕ್ಕನ ಫೋನು.

"ಡಾಕ್ಟರ್ ಹೇಳ್ಯಾರ, ನಡೀಬೇಕಂತ. ಏರುಪೇರು ನೆಲದ ಮ್ಯಾಲೆ ನಡದರ ಇನ್ನೂ ಚಲೋ ಅಂತ."

"ಸರಿ, ನಡೀರಿ ಶಾಂತಕ್ಕ."

"ಕೈಯಾಗ ಏನೂ ಹಿಡಕೊಂಡು ನಡೀಬ್ಯಾಡ್ರಿ ಅಂತ ಹೇಳಿಲ್ಲ. ನಿನಗ ಏಣಿ ಹತ್ತಲಿಕ್ಕೆ ಬರ್ತದಲ್ಲ?"

ನನಗೆ ಏಣಿ ಎಂದರೆ ಭಯ. ಆದರೂ ಹತ್ತಿದೆ. ಅಟ್ಟದಲ್ಲಿ ಜೇಡರ ಬಲೆ ತಲೆಗೆ ಸುತ್ತಿಕೊಂಡು, ಸೀನುತ್ತಾ, ಉದ್ದನೆಯ ಆ ಯಂತ್ರವನ್ನು ಕೂಸಿನಂತೆ ಎತ್ತಿಕೊಂಡು ಇಳಿದೆ. ಕೆಳಗೆ ಶಾಂತಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿ ನಿಂತಿದ್ದರು.

ಊರಾಚೆ ವಾಲ್ಟರ್ ಎಂಬ ಮುದುಕರ ಸ್ಟ್ರಾಬೆರಿ ತೋಟವಿದೆ, ಹಣ್ಣಿನ ಕಾಲದಲ್ಲಿ ಯಾರು ಬೇಕಾದರೂ ದುಡ್ಡು ಕೊಟ್ಟು ತಾವೇ ಕಿತ್ತುಕೊಳ್ಳಬಹುದು. ಅವರ ಅಜ್ಜನ ಕಾಲದಲ್ಲಿ ಅದು ತಂಬಾಕಿನ ಹೊಲವಾಗಿತ್ತಂತೆ. ಶಾಂತಕ್ಕನಿಗೆ ಅಲ್ಲಿ ಓಡಾಡಲು ಹಳೆಯ ಅಪ್ಪಣೆ ಇತ್ತು. ಹಳೇ ಕೊಟ್ಟಿಗೆಯ ಹಿಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಯಂತ್ರದ ದುಂಡು ತಟ್ಟೆಯನ್ನು ನೆಲಕ್ಕೆ ತಾಗಿಸದಂತೆ ಎಡಕ್ಕೂ ಬಲಕ್ಕೂ ಆಡಿಸುತ್ತಾ ಹೊರಟ ಹೆಂಗಸು ಕಿಟಕಿ ಪಕ್ಕದ ಕುರ್ಚಿಯ ಹೆಂಗಸಾಗಿರಲಿಲ್ಲ. ಸ್ವಲ್ಪ ದೂರದಲ್ಲೇ ಸದ್ದು ಬಂತು. ನಾನು ಬೇಡವೆನ್ನುವಷ್ಟರಲ್ಲಿ ಬಲ ಮಂಡಿಯೂರಿ ಕೂತೇಬಿಟ್ಟರು. ಕಡೆಯ ಹುಡುಕಾಟಕ್ಕೆ ಕ್ಯಾರೆಟ್ ಗಾತ್ರದ ಒಂದು ಪುಟ್ಟ ಕಡ್ಡಿ ಇರುತ್ತದೆ, ಲೋಹದ ಹತ್ತಿರ ಹೋದರೆ ಗುಂಯ್‌ಗುಡುತ್ತದೆ. ಮಣ್ಣು ಅಗೆದು, ಅದನ್ನು ತೆಗೆದು ಗುಂಡಿಯೊಳಗೆ ಇಳಿಸಿದರು. ಸುಮ್ಮನಿತ್ತು. ಕೈ ಹಿಂದೆ ತಂದರು. ಜೋರಾಗಿ ಗುಂಯ್‌ಗುಟ್ಟಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಆಮೇಲೆ ಇಬ್ಬರಿಗೂ ಹೊಳೆಯಿತು. ಕೂಗುತ್ತಿದ್ದದ್ದು ಎಡಗಾಲಿನ ಮಂಡಿ.

"ಇದನ್ನ ಅಗಿಯೂ ಹಂಗಿಲ್ಲವಾ," ಎಂದರು ಶಾಂತಕ್ಕ. "ಇದು ಇನ್ಶೂರೆನ್ಸ್ ಕಂಪನಿಯವರ ಮಾಲು."

ನಕ್ಕೆವು. ಬಹಳ ಹೊತ್ತು ನಕ್ಕೆವು. ಆಮೇಲೆ ಏಳಲು ಹೋದರು, ಏಳಲಾಗಲಿಲ್ಲ. ನಾನು ರಟ್ಟೆ ಹಿಡಿದು ಎಳೆದೆ, ಆಗಲಿಲ್ಲ. ನನ್ನ ತೋಳುಗಳು ಕೀಬೋರ್ಡ್ ಒತ್ತಿ ಬೆಳೆದವು. ಶಾಂತಕ್ಕನ ನಗು ನಿಂತುಹೋಯಿತು. ಆ ಮುಖದಲ್ಲಿ ನೋವಿರಲಿಲ್ಲ, ಹೆದರಿಕೆ ಇತ್ತು. ನನ್ನ ಮುಂಗೈ ಬಿಗಿಯಾಗಿ ಹಿಡಿದು ಒಂದೇ ಮಾತು ಹೇಳಿದರು: "ವೀಣಾಗ ಹೇಳಬ್ಯಾಡ."

ವಾಲ್ಟರ್ ದೂರದಿಂದ ನೋಡಿ ಬಂದರು. ಕೈ ಹಿಡಿದು ಎಳೆಯುವ ಗೋಜಿಗೆ ಅವರು ಹೋಗಲಿಲ್ಲ. ಒಂದು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಶಾಂತಕ್ಕನ ಮುಂದಿಟ್ಟು, "ಆತುರವೇನಿಲ್ಲ ಮಿಸ್ ಶಾಂಟಾ," ಎಂದು ತಮ್ಮ ರಾಗ ಎಳೆಯುವ ಇಂಗ್ಲಿಷಿನಲ್ಲಿ ಹೇಳಿ, ಗೌರವದಿಂದ ಬೇರೆ ಕಡೆ ಮುಖ ತಿರುಗಿಸಿ ನಿಂತರು. ಶಾಂತಕ್ಕ ಎರಡು ಅಂಗೈಗಳನ್ನೂ ಬಕೆಟ್ಟಿಗೆ ಊರಿ ನಿಧಾನವಾಗಿ ಎದ್ದರು.

ಅಂದಿನಿಂದ ಅಗೆಯುವ ಕೆಲಸ ನನ್ನದಾಯಿತು, ಕೂತು ಏಳುವ ಅಭ್ಯಾಸ ಅವರದು. ಬಕೆಟ್ಟು ವಾಲ್ಟರ್ ಕೊಟ್ಟಿಗೆಯಲ್ಲಿ, ಯಂತ್ರ ನನ್ನ ಕಾರಿನ ಡಿಕ್ಕಿಯಲ್ಲಿ, ವೀಣಾ ಕಮ್ಮಿಂಗ್‌ನಲ್ಲಿ. ಎಲ್ಲವೂ ತಮ್ಮತಮ್ಮ ಜಾಗದಲ್ಲಿದ್ದವು.

ಹಣ್ಣಿನ ಕಾಲದಲ್ಲಿ ವೀಣಾ ಬಂದಳು. ಶನಿವಾರ ಪರಿಚಯದವರ ಮನೆಯಲ್ಲಿ ನಾಮಕರಣ ಮುಗಿಸಿ, ಹಾಗೇ ಸ್ಟ್ರಾಬೆರಿ ಕೀಳಲು ಹೋಗೋಣವೆಂದಳು. ಅವಳು ಹೇಳಿದ್ದು ವಾಲ್ಟರ್ ತೋಟವನ್ನೇ. ಶಾಂತಕ್ಕ ತಕ್ಷಣ ತಲೆ ಹಿಡಿದುಕೊಂಡು, ಬಿಸಿಲು ಆಗುವುದಿಲ್ಲ, ಮನೆಗೆ ಬಿಡು ಎಂದರು. ತಾಯಿಗೆ ಸ್ಟ್ರಾಬೆರಿ ಎಂದರೆ ಪ್ರಾಣ ಎಂದು ಬಲ್ಲ ವೀಣಾ ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನಾನು ಹೊರಗಿನ ಮರಗಳನ್ನು ನೋಡಿದೆ. ನಮ್ಮಿಬ್ಬರನ್ನೂ ಮನೆಗೆ ಬಿಟ್ಟು ಅವಳೊಬ್ಬಳೇ ತೋಟಕ್ಕೆ ಹೋದಳು.

ಸಂಜೆ ಅವಳು ನಮ್ಮ ಮನೆಗೆ ಒಬ್ಬಳೇ ಬಂದಳು. ಕೂದಲನ್ನು ಬಲಗಿವಿಯ ಮೇಲೆ ಇಳಿಬಿಟ್ಟಿದ್ದಳು. ನಾಮಕರಣಕ್ಕೆಂದು ಹಾಕಿಕೊಂಡಿದ್ದ ಅಜ್ಜಿಯ ಬೆಂಡೋಲೆಗಳಲ್ಲಿ ಒಂದು ತೋಟದಲ್ಲಿ ಬಿದ್ದುಹೋಗಿತ್ತು.

"ಅಮ್ಮನಿಗೆ ಹೇಳ್ಬೇಡಿ ಆಂಟಿ. ಶಿ ವಿಲ್ ಬಿ ಹಾರ್ಟ್‌ಬ್ರೋಕನ್. ಆ ಡಿಟೆಕ್ಟರ್ ಅಟ್ಟದಲ್ಲಿದೆಯಲ್ಲ, ನಾನು ಮೇಲೆ ಹತ್ತಿ ತರ್ತೀನಿ, ನಾಳೆ ಬೆಳಗ್ಗೆ ನಾವಿಬ್ರೇ ಹೋಗೋಣ."

ಖಾಲಿ ಅಟ್ಟ ನನ್ನ ಕಣ್ಣಮುಂದೆ ಬಂತು. "ನೀನು ಹತ್ತಿದ್ರೆ ಅಮ್ಮನಿಗೆ ಗೊತ್ತಾಗತ್ತೆ," ಎಂದೆ. "ನಾನು ಹೇಗಾದ್ರೂ ತರ್ತೀನಿ ಬಿಡು." ಅವಳು ನನ್ನ ಧೈರ್ಯಕ್ಕೆ ಕೃತಜ್ಞಳಾಗಿ ಕೈ ಹಿಡಿದುಕೊಂಡಳು. ಯಂತ್ರ ಅವಳ ಕಾರಿನ ಪಕ್ಕದಲ್ಲೇ ನಿಂತಿದ್ದ ನನ್ನ ಕಾರಿನಲ್ಲಿತ್ತು.

ಭಾನುವಾರ ಬೆಳಗ್ಗೆ ತೋಟದ ಗೇಟಿನಲ್ಲೇ ವಾಲ್ಟರ್ ಸಿಕ್ಕರು. ಯಂತ್ರವನ್ನು ಕಂಡವರೇ ಟೋಪಿ ಎತ್ತಿ, ಮಿಸ್ ಶಾಂಟಾ ಬರಲಿಲ್ಲವೇ, ಅವರ ಬಕೆಟ್ಟು ತೊಳೆದಿಟ್ಟಿದ್ದೇನೆ, ಮಂಗಳವಾರ ಬಂದಾಗ ಎಷ್ಟು ಚೆನ್ನಾಗಿ ನಡೆಯುತ್ತಿದ್ದರು ಎಂದು ಪ್ರೀತಿಯಿಂದ ವಿಚಾರಿಸಿದರು. ಭೂಮಿ ಬಾಯಿಬಿಡಲಿ ಎನ್ನುತ್ತಾರಲ್ಲ, ನಾನೇ ಅಗೆದ ಗುಂಡಿಗಳಿದ್ದರೂ ಒಂದೂ ಉಪಯೋಗಕ್ಕೆ ಬರಲಿಲ್ಲ.

ವೀಣಾ ನೇರ ಸಾಲುಗಳತ್ತ ನಡೆದಳು. ನನ್ನ ಕೈಗೆ ಸಿಕ್ಕ ಯಂತ್ರ ಕಂಡಕಂಡಲ್ಲೆಲ್ಲ ಕಿರುಚಿತು. ಸೋಡಾ ಮುಚ್ಚಳದ ಸದ್ದೂ ಚಿನ್ನದ ಸದ್ದೂ ಅಕ್ಕತಂಗಿಯರ ಹಾಗೆ, ಬಲ್ಲವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನಾವು ಹುಲ್ಲು ಕೆದಕಿ ಮುಚ್ಚಳಗಳನ್ನು ಗುಡ್ಡೆ ಹಾಕಿದೆವು. ಕೊನೆಗೆ ವೀಣಾ ಸಾಲಿನ ಕೊನೆಯಲ್ಲಿ ಕುಳಿತು ಕೇಳಿದಳು:

"ಅಮ್ಮ ಬಿದ್ರಾ ಆಂಟಿ? ಟೆಲ್ ಮಿ ದ ಟ್ರೂತ್."

"ಬೀಳಲಿಲ್ಲ. ಒಂದ್ಸಲ ಕೂತವರಿಗೆ ಏಳೋಕಾಗಲಿಲ್ಲ. ಈಗ ಏಳ್ತಾರೆ. ಅವರೇ ಏಳ್ತಾರೆ."

ಅವಳು ಕೈಯಲ್ಲಿದ್ದ ಮುಚ್ಚಳವನ್ನು ಗುಡ್ಡೆಗೆ ಎಸೆದಳು. "ನಮಗೆ ಇದು ಸಿಗಲ್ಲ, ಅಲ್ವಾ? ಸಿಗೋದಾದ್ರೆ ಅಮ್ಮನಿಗೇ ಸಿಗಬೇಕು," ಎಂದಳು. "ಮಧ್ಯಾಹ್ನ ನನಗೆ ಆಫೀಸ್ ಕಾಲ್ ಇದೆ ಅಂತೀನಿ. ನೀವು ಅವರನ್ನ... ವಾಕಿಂಗ್ ಕರ್ಕೊಂಡು ಹೋಗಿ."

ಭಾನುವಾರದ ಮಧ್ಯಾಹ್ನ ಎಂಥ ಆಫೀಸು ಎಂದು ಶಾಂತಕ್ಕನೂ ಕೇಳಲಿಲ್ಲ. ಯಾರೋ ಹುಡುಗಿ ತೋಟದಲ್ಲಿ ಓಲೆ ಕಳೆದುಕೊಂಡಿದ್ದಾಳಂತೆ, ವಾಲ್ಟರ್ ನಿಮ್ಮನ್ನು ಕೇಳಿದರು ಎಂದು ನಾನು ದಾರಿಯಲ್ಲಿ ಹೇಳಿದೆ. "ಪಾಪ," ಎಂದರು, ಅಷ್ಟೇ.

ಸಾಲುಗಳ ನಡುವೆ ಅವರು ನಿಧಾನವಾಗಿ ನಡೆದರು. ಯಂತ್ರ ಕಿರುಚಿದಾಗಲೆಲ್ಲ ತಲೆಯಾಡಿಸಿ ಮುಂದೆ ಹೋದರು. ನನಗೆ ಎಲ್ಲ ಸದ್ದೂ ಒಂದೇ. ಒಂದು ಕಡೆ ನಿಂತರು, ಹಿಂದೆ ಬಂದರು, ಮತ್ತೆ ಆಡಿಸಿದರು. ನಾನು ಓಡಿಹೋಗಿ ಬಗ್ಗಲು ನೋಡಿದರೆ, "ನೀ ಸರಿ," ಎಂದು ಕೈ ಅಡ್ಡ ಮಾಡಿದರು. ಬಕೆಟ್ಟು ದೂರದ ಕೊಟ್ಟಿಗೆಯಲ್ಲೇ ಇತ್ತು. ಬಲ ಮಂಡಿಯೂರಿ, ಎಡಗಾಲು ಮುಂದೆ ಚಾಚಿ, ಅವರು ತಾವೇ ಇಳಿದರು. ಒಣಹುಲ್ಲನ್ನು ಬೆರಳಿಂದ ಸರಿಸಿದರು. ಎಲೆಯ ಕೆಳಗೆ ಬೆಂಡೋಲೆಯ ಕೆಂಪು ಹರಳು ಹಣ್ಣಿನ ಚೂರಿನ ಹಾಗೆ ಕಂಡಿತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಯಂತ್ರದ ಕೋಲನ್ನು ನೆಲಕ್ಕೂರಿ, ತುಟಿ ಬಿಗಿಹಿಡಿದು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು.

"ಯಾರೋ ಹುಡುಗೀದು ಅಂದ್ಯಲ್ಲ?"

"ಹೌದು ಶಾಂತಕ್ಕ."

"ಭಾಳ ಚಲೋ ಕೆಲಸ. ನಮ್ಮವ್ವನ ಕಾಲದ್ದು ಇದ್ದಂಗ ಅದ." ಬೆಂಡೋಲೆಯನ್ನು ನನ್ನ ಕೈಗಿಟ್ಟು ಬೆರಳು ಮಡಚಿದರು. "ಆ ಹುಡುಗೀಗೆ ಹೇಳು, ತಿರುಪು ಬಿಗೀ ಮಾಡಿಕೋ ಅಂತ. ಮತ್ತ ನಿನ್ನಿಯಿಂದ ಕೂದಲಾ ಇಳಿಬಿಟ್ಟು ಸೆಕೀಲೆ ಸಾಯಬ್ಯಾಡ, ಕಟ್ಟಿಕೋ ಅಂತ ಹೇಳು."

ಮಾತನ್ನು ಹೇಳಿದ ಹಾಗೇ ಮುಟ್ಟಿಸಿದೆ. ವೀಣಾ ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. "ಅವರೇ ಎದ್ರಾ?" ಎಂದು ಮಾತ್ರ ಕೇಳಿದಳು. ಅವರೇ ಎದ್ದರು ಎಂದೆ.

ಮಾರನೆಯ ದಿನ ಹೊರಡುವಾಗ, ಎರಡೂ ಕಿವಿ ಕಾಣುವಂತೆ ಜುಟ್ಟು ಕಟ್ಟಿದ್ದ ವೀಣಾ ತಾಯಿಗೆ ಒಂದು ದಪ್ಪನೆಯ ಮೆತ್ತೆ ಕೊಟ್ಟಳು, ಮಂಡಿಯೂರಿ ಕೂರುವವರಿಗೆಂದು ಅಂಗಡಿಯಲ್ಲಿ ಮಾರುವಂಥದ್ದು. "ಗಾರ್ಡನಿಂಗ್‌ಗೆ, ಅಮ್ಮ," ಎಂದಳು. ಶಾಂತಕ್ಕನ ಮನೆಯಲ್ಲಿ ಗಾರ್ಡನ್ ಎಂದರೆ ಒಂದು ಕುಂಡದ ಕರಿಬೇವು. "ಭಾಳ ಉಪಯೋಗ ಆಗ್ತದವಾ," ಎಂದು ಶಾಂತಕ್ಕ ಗಂಭೀರವಾಗಿ ತೆಗೆದುಕೊಂಡರು. ಕಾರು ಹತ್ತುವಾಗ ವೀಣಾ, "ಮನೆ ಸೆಲ್ ಮಾಡೋ ವಿಷಯ ಈಗ ಬೇಡ ಬಿಡಿ, ಮುಂದೆ ನೋಡೋಣ," ಎಂದಳು. ಆ 'ಮುಂದೆ' ಇನ್ನೂ ಬಂದಿಲ್ಲ.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಶಾಂತಕ್ಕನಿಗೆ ಈಗ ನಡಿಗೆ ನಿಧಾನ, ಕಿವಿ ಮಾತ್ರ ಚುರುಕು. ನನ್ನ ತೋಳುಗಳಿಗೂ ಅಗೆಯುವುದು ಒಗ್ಗಿದೆ. ನಿನ್ನೆ, ಆ ಮೊಳೆ ಸಿಕ್ಕ ದಿನ, ಮಳೆ ನಿಂತು ನೆಲ ಮೆತ್ತಗಾಗಿತ್ತು ಎಂದು ಇಬ್ಬರೂ ಹೊರಟಿದ್ದೆವು. ನಾನು ಡ್ರೈವ್ ಮಾಡುತ್ತಿದ್ದೆ. ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ವೀಣಾಳ ದನಿ ತುಂಬಿಕೊಂಡಿತು.

"ಆಂಟಿ, ಒಂದು ಸೀಕ್ರೆಟ್. ನಮ್ಮ ಮನೆ ಹಿಂದೆ ಹಳೇ ಫಾರ್ಮ್ ಒಂದಿದೆ, ಓನರ್ ಪರ್ಮಿಷನ್ ಕೊಟ್ಟಿದ್ದಾರೆ. ಬಿಗಿನರ್ಸ್‌ಗೆ ಯಾವ ಡಿಟೆಕ್ಟರ್ ಒಳ್ಳೇದು? ಅಮ್ಮನಿಗೆ ಹೇಳ್ಬೇಡಿ, ಒಂದು ವರ್ಷ ನಗ್ತಾರೆ."

ಪಕ್ಕದ ಸೀಟಿನಲ್ಲಿ ಶಾಂತಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜಗಳು ಕುಲುಕುತ್ತಿದ್ದವು.

"ಇಲ್ಲಮ್ಮ," ಎಂದೆ. "ನಾನು ಅವರಿಗೆ ಒಂದು ಮಾತೂ ಹೇಳಲ್ಲ."

ಶಾಂತಕ್ಕ ನನ್ನ ಕಡೆ ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು, ಪಿಸುದನಿಯಲ್ಲಿ ಹೇಳಿದರು: "ಹಗುರಂದು ತಗೋ ಅಂತ ಹೇಳು. ಹುಡುಗಿ ರಟ್ಟಿ ಸಣ್ಣದದ."